ಗರಗಸ ದಾಟಿದೊಡನೆ ಮತ್ತೆ ಬೆಸೆದುಕೊಳ್ಳುವ ಅಕ್ರಿಲಿಕ್

ಪ್ರಶ್ನೆ: ಮಹಾಲಿಂಗಪುರದಲ್ಲಿ ಹದಿನೈದು ವರ್ಷಗಳಿಂದ ಬಡಗಿ ಕೆಲಸ ಮಾಡುತ್ತಿದ್ದೇನೆ. ಇಳಕಲ್ಲಿನ ಒಂದು ಸೀರೆ ಅಂಗಡಿಯವರು 6 ಮಿ.ಮೀ. ದಪ್ಪದ ಪಾರದರ್ಶಕ ಅಕ್ರಿಲಿಕ್ ಹಾಳೆಯಲ್ಲಿ ಹನ್ನೆರಡು ಪ್ರದರ್ಶನ ಪೆಟ್ಟಿಗೆ ಮಾಡಿಕೊಡಲು ಹೇಳಿದ್ದಾರೆ. ಪ್ರತಿ ಪೆಟ್ಟಿಗೆಯ ಮುಂಭಾಗಕ್ಕೂ ಕಮಾನು ಬೇಕು. ನನ್ನ ಬಳಿ 18 ಇಂಚು ಚಕ್ರದ, ಕಟ್ಟಿಗೆ ಕೊಯ್ಯುವ ಬ್ಯಾಂಡ್‌ಸಾ (ಚಕ್ರಗಳ ಮೇಲೆ ಪಟ್ಟಿಯಂತೆ ಸುತ್ತುವ ಬ್ಲೇಡಿನ ಗರಗಸ) ಇದೆ. ಮೊದಲು ಅದರಲ್ಲಿದ್ದ ಇಂಚಿಗೆ 4 ಹಲ್ಲಿನ ಬ್ಲೇಡಿನಲ್ಲೇ ಕೊಯ್ದೆ. ಅಂಚಿನಲ್ಲಿ ಚಕ್ಕೆ ಎದ್ದವು. ಸಣ್ಣ ಹಲ್ಲು ಬೇಕೆಂದು ಯಾರೋ ಹೇಳಿದ್ದರಿಂದ 24 ಹಲ್ಲಿನದು ತಂದು ಬಹಳ ನಿಧಾನವಾಗಿ ಕೊಯ್ದೆ. ಒಂದು ಗೇಣು ಚೆನ್ನಾಗಿ ಹೋಯಿತು. ಆಮೇಲೆ ಹಾಳೆ ಕರಗಿ, ಬ್ಲೇಡಿನ ಹಿಂದೆ ಸೀಳು ಮುಚ್ಚಿಕೊಂಡು, ಬ್ಲೇಡೇ ಸಿಕ್ಕಿಹಾಕಿಕೊಂಡಿತು. ಹೇಗೋ ನಾಲ್ಕು ಪೆಟ್ಟಿಗೆ ಮುಗಿಸಿ ಕ್ಲೋರೋಫಾರ್ಮ್ ಹಾಕಿ ಅಂಟಿಸಿದೆ. ಎರಡನೇ ದಿನ ಅಂಚಿನುದ್ದಕ್ಕೂ ಕೂದಲಿನಂತಹ ಬಿರುಕುಗಳು ಕಾಣಿಸಿದವು. ಹಾಳೆ ನಕಲಿ ಇರಬಹುದೇ? ಯಂತ್ರದ ವೇಗ ಇಳಿಸಬೇಕೇ? ಬೆಳಗಾವಿಯಲ್ಲಿ ಕಬ್ಬಿಣ ಕೊಯ್ಯುವ ಬ್ಯಾಂಡ್‌ಸಾ ಇರುವ ಕಡೆ ಒಯ್ಯಲೇ, ಅಥವಾ ಲೇಸರ್‌ನವರಿಗೆ ಕೊಟ್ಟುಬಿಡಲೇ?

ಉತ್ತರ: ಹಾಳೆಯ ಮೇಲೆ ನನಗೆ ಅನುಮಾನವಿಲ್ಲ, ನಿಮ್ಮ ಯಂತ್ರದ ಮೇಲೂ ಇಲ್ಲ. ದೋಷವಿರುವ ಜಾಗವನ್ನು ನಿಮ್ಮ ಪತ್ರದಲ್ಲಿ ನೀವೇ ತೋರಿಸಿದ್ದೀರಿ: ‘ಬಹಳ ನಿಧಾನವಾಗಿ ಕೊಯ್ದೆ’ ಎಂದು ಬರೆದಿದ್ದೀರಲ್ಲ, ಅಲ್ಲಿ. ಬೆಲೆಬಾಳುವ ಸಾಮಾನು ಕೈಗೆ ಬಂದಾಗ ಒಳ್ಳೆಯ ಕೆಲಸಗಾರ ಸಹಜವಾಗಿಯೇ ಕೈ ಬಿಗಿಹಿಡಿಯುತ್ತಾನೆ. ತೇಗದಲ್ಲಿ ಆ ಎಚ್ಚರ ಅವನನ್ನು ಕಾಪಾಡುತ್ತದೆ. ಅಕ್ರಿಲಿಕ್ಕಿನಲ್ಲಿ ಅದೇ ಅವನಿಗೆ ಮುಳುವಾಗುತ್ತದೆ.

ನಿಮ್ಮ ಮಹಾಲಿಂಗಪುರದಂತಹ ಬೆಲ್ಲದ ಪೇಟೆಯವರಿಗೆ ಇದನ್ನು ವಿವರಿಸುವುದು ಸುಲಭ. ಬೆಲ್ಲದ ಅಚ್ಚು ತಣ್ಣಗಿದ್ದಾಗ ಸುತ್ತಿಗೆಯಿಂದ ಕುಟ್ಟಿದರೆ ಚಕ್ಕೆ ಹಾರುತ್ತದೆ. ಕೊಂಚ ಬಿಸಿ ತಾಗಿತೋ, ಬೆರಳಿಗೆ ಅಂಟುತ್ತದೆ. ಇನ್ನೂ ಬಿಸಿಯಾದರೆ ಪಾಕ. ಮಂಜುಗಡ್ಡೆಯ ಹಾಗೆ ಯಾವುದೋ ಒಂದು ಗೆರೆ ದಾಟಿದ ಕೂಡಲೇ ನೀರಾಗುವ ಗುಣ ಅದಕ್ಕಿಲ್ಲ, ಮೆತ್ತಗಾಗುತ್ತಾ ಹೋಗುತ್ತದೆ. ಅಕ್ರಿಲಿಕ್ ಕೂಡ ಅದೇ ಜಾತಿಯದು. ಸುಮಾರು 105 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಾಜಿನ ಗುಣ ಬಿಟ್ಟು ರಬ್ಬರಿನ ಗುಣಕ್ಕೆ ಇಳಿಯುತ್ತದೆ. 160ರ ಆಸುಪಾಸಿನಲ್ಲಿ ನಾದಿದ ಹಿಟ್ಟಿನಂತೆ ಹೇಳಿದಂತೆ ಕೇಳುತ್ತದೆ. ನಿಮ್ಮ 4 ಹಲ್ಲಿನ ಬ್ಲೇಡು ತಣ್ಣಗಿನ ಅಚ್ಚನ್ನು ಕುಟ್ಟಿತು, ಚಕ್ಕೆ ಹಾರಿತು. 24 ಹಲ್ಲಿನದು ಅದನ್ನು ಉಜ್ಜಿ ಉಜ್ಜಿ ಪಾಕ ಮಾಡಿತು. ಒಂದೇ ಹಾಳೆಯಲ್ಲಿ ಎರಡು ತದ್ವಿರುದ್ಧ ತೊಂದರೆ ಬಂದದ್ದು ಹೀಗೆ.

ನಾನು ಕಬ್ಬಿಣದ ಕೆಲಸದಿಂದ ಅಕ್ರಿಲಿಕ್ಕಿಗೆ ಬಂದವನು. ಮೊದಮೊದಲು ನನ್ನನ್ನು ಮೋಸಗೊಳಿಸಿದ ಸಂಗತಿ ಬೇರೆ ಇತ್ತು. ಉಕ್ಕನ್ನು ಕೊಯ್ಯುವಾಗ ಹುಟ್ಟಿದ ಶಾಖವನ್ನು ಉಕ್ಕೇ ಒಳಕ್ಕೆ ಎಳೆದುಕೊಂಡು ಮೈಯೆಲ್ಲಾ ಹಂಚಿಬಿಡುತ್ತದೆ. ಶಾಖವನ್ನು ಹೀಗೆ ಸಾಗಿಸುವ ಶಕ್ತಿ ಅಕ್ರಿಲಿಕ್ಕಿಗೆ ಉಕ್ಕಿನ ಸುಮಾರು ಇನ್ನೂರೈವತ್ತರಲ್ಲಿ ಒಂದು ಪಾಲು ಮಾತ್ರ. ಶಾಖ ಹುಟ್ಟಿದಲ್ಲೇ ಕುಳಿತುಬಿಡುತ್ತದೆ. ಕೊಯ್ತದಿಂದ ಎರಡು ಬೆರಳು ಆಚೆ ಮುಟ್ಟಿ ನೋಡಿದರೆ ಹಾಳೆ ತಣ್ಣಗಿರುತ್ತದೆ, ಸೀಳಿನ ಗೋಡೆ ಮಾತ್ರ ಪಾಕವಾಗಿರುತ್ತದೆ. ಹಾಗಾದರೆ ಆ ಶಾಖ ಹೊರಹೋಗುವ ದಾರಿ ಯಾವುದು? ಹಲ್ಲು ಕೆತ್ತಿ ತೆಗೆಯುವ ಚೂರು. ಚೂರಿಗೆ ಮೈ ಇದ್ದರೆ ಶಾಖವನ್ನು ಹೊತ್ತುಕೊಂಡು ಕೆಳಗೆ ಬೀಳುತ್ತದೆ. ಹುಡಿಗೆ ಹೊರುವ ಶಕ್ತಿಯಿಲ್ಲ. ಅದು ಅಲ್ಲೇ ಕರಗಿ ಸೀಳಿನೊಳಗೆ ಅಂಟಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ನಿಮ್ಮಂತಹ ಯಂತ್ರಕ್ಕೆ ಸಾಮಾನ್ಯವಾಗಿ ನಿಮಿಷಕ್ಕೆ 1440 ಸುತ್ತಿನ ಮೋಟಾರು ಇರುತ್ತದೆ. ಮೋಟಾರಿನ ಪುಲ್ಲಿ 3 ಇಂಚು, ಯಂತ್ರದ ಪುಲ್ಲಿ 6 ಇಂಚು ಎಂದುಕೊಳ್ಳಿ. ಚಕ್ರ 720 ಸುತ್ತು ತಿರುಗುತ್ತದೆ. 18 ಇಂಚು ಚಕ್ರದ ಸುತ್ತಳತೆ ಸುಮಾರು 1.44 ಮೀಟರ್. ಬ್ಲೇಡು ನಿಮಿಷಕ್ಕೆ ಸಾವಿರದ ಮೂವತ್ತು ಮೀಟರ್ ಓಡಿತು. 24 ಹಲ್ಲಿನ ಬ್ಲೇಡಿನಲ್ಲಿ ಎರಡು ಹಲ್ಲುಗಳ ನಡುವಿನ ಅಂತರ 1 ಮಿ.ಮೀ.ಗಿಂತ ಕೂದಲೆಳೆಯಷ್ಟು ಹೆಚ್ಚು. ಅಂದರೆ ನಿಮಿಷಕ್ಕೆ ಹೆಚ್ಚುಕಡಿಮೆ ಹತ್ತು ಲಕ್ಷ ಹಲ್ಲು ಆ ಹಾಳೆಯನ್ನು ತಟ್ಟಿ ಹೋಗುತ್ತಿವೆ. ನೀವು ನಿಮಿಷಕ್ಕೆ ಒಂದು ಅಡಿಯಷ್ಟೇ ದೂಡಿದ್ದರೆ ಒಂದೊಂದು ಹಲ್ಲಿನ ಪಾಲಿಗೆ ಬಂದದ್ದು 0.0003 ಮಿ.ಮೀ. ತಲೆಗೂದಲಿನ ದಪ್ಪದ ಇನ್ನೂರರಲ್ಲಿ ಒಂದು ಪಾಲು ಎನ್ನಿ. ಅಷ್ಟು ತೆಳುವಾದದ್ದನ್ನು ಯಾವ ಹಲ್ಲೂ ಕೆತ್ತಲಾರದು, ಉಜ್ಜುತ್ತದೆ ಅಷ್ಟೇ. ಉಜ್ಜಿದರೆ ಹುಟ್ಟುವುದು ಬೆಂಕಿ.

ಈಗ 10 ಹಲ್ಲಿನ ಬ್ಲೇಡ್ ಹಾಕಿ, ಅದೇ ವೇಗದಲ್ಲಿ ಓಡಿಸಿ, ನಿಮಿಷಕ್ಕೆ ನಾಲ್ಕು ಅಡಿ ದೂಡಿ. ಒಂದೊಂದು ಹಲ್ಲಿಗೆ ಸಿಗುವ ಪಾಲು ಹತ್ತು ಪಟ್ಟಾಗುತ್ತದೆ. ಯಂತ್ರ ಅದೇ, ಹಾಳೆ ಅದೇ, ಕರಗುವುದು ನಿಲ್ಲುತ್ತದೆ. ನಾಲ್ಕು ಅಡಿ ಎಂದರೆ ಹೆದರಬೇಡಿ, ಸೆಕೆಂಡಿಗೆ ಬೆರಳಿನ ಅಗಲದಷ್ಟು ದೂರ. ಹೊಸ ಬ್ಲೇಡಾದರೆ ಹಾಳೆ ತಾನಾಗಿಯೇ ಹೋಗುತ್ತದೆ, ಎದೆಯಿಂದ ಒತ್ತುವ ಅಗತ್ಯ ಬೀಳುವುದಿಲ್ಲ. ಒತ್ತಬೇಕಾಗಿ ಬಂತೆಂದರೆ ಬ್ಲೇಡು ಮೊಂಡಾಗಿದೆ ಎಂದೇ ಅರ್ಥ.

ಸರಿಯಾಗಿದೆಯೋ ಇಲ್ಲವೋ ತಿಳಿಯಲು ಮೀಟರು ಬೇಡ. ಮೇಜಿನ ಕೆಳಗೆ ಬಿದ್ದದ್ದನ್ನು ಅಂಗೈಗೆ ತೆಗೆದುಕೊಳ್ಳಿ. ತುರಿದ ಒಣಕೊಬ್ಬರಿಯ ಹಾಗೆ ಬಿಡಿಬಿಡಿಯಾಗಿ, ಬೆರಳಿನಿಂದ ಕೆದಕಿದರೆ ಒಂದಕ್ಕೊಂದು ಅಂಟದೆ ಜಾರುತ್ತಿದ್ದರೆ ನಿಮ್ಮ ಕೈ ಸರಿಯಾಗಿ ನಡೆಯುತ್ತಿದೆ. ಮೈದಾ ಹಿಟ್ಟಿನಂತಿದ್ದರೆ ನಿಧಾನವಾಯಿತು ಎಂದರ್ಥ. ಶಾವಿಗೆ ಎಳೆಯಂತೆ ಬಂದು ಬ್ಲೇಡಿಗೆ ಜೋತುಬಿದ್ದಿದ್ದರೆ ಆಗಲೇ ಕರಗಿದೆ. ಮೂಗೂ ಹೇಳುತ್ತದೆ. ಕಾದ ಅಕ್ರಿಲಿಕ್ ಬಿಡುವ ಸಿಹಿ ಬೆರೆತ ಘಾಟು ಒಮ್ಮೆ ಕುಡಿದವರು ಮರೆಯುವುದಿಲ್ಲ; ಅದು ಅಂಗಡಿ ತುಂಬುವಷ್ಟಾದರೆ ಕೆಲಸ ನಿಲ್ಲಿಸಿ ಬ್ಲೇಡು ನೋಡಿ.

ಹಲ್ಲಿನ ಲೆಕ್ಕಕ್ಕೆ ನನ್ನದು ಒಂದೇ ಸೂತ್ರ. ಹಾಳೆಯ ದಪ್ಪದೊಳಗೆ ಯಾವ ಕ್ಷಣದಲ್ಲಿ ನೋಡಿದರೂ ಎರಡಕ್ಕೆ ಕಡಿಮೆಯಿಲ್ಲದಷ್ಟು ಹಲ್ಲು ಇರಬೇಕು. ನಿಮ್ಮ 4 ಹಲ್ಲಿನ ಬ್ಲೇಡಿನಲ್ಲಿ ಹಲ್ಲಿನಿಂದ ಹಲ್ಲಿಗೆ 6.35 ಮಿ.ಮೀ., ಹಾಳೆ 6 ಮಿ.ಮೀ. ಒಂದು ಹಲ್ಲು ಹೊರಬಿದ್ದು ಇನ್ನೊಂದು ಬರುವ ಮೊದಲು ಹಾಳೆ ಖಾಲಿ ಜಾಗಕ್ಕೆ ನುಗ್ಗುತ್ತದೆ, ಬರುವ ಹಲ್ಲು ಅದನ್ನು ಕೊಡಲಿಯಂತೆ ಹೊಡೆಯುತ್ತದೆ. ಎರಡು ಸೂತದ (ಸೂತವೆಂದರೆ ಇಂಚಿನ ಎಂಟರಲ್ಲಿ ಒಂದು ಪಾಲು) ಹಾಳೆಗೆ, ಅಂದರೆ ನಿಮ್ಮ 6 ಮಿ.ಮೀ.ಗೆ, 10 ಹಲ್ಲು ಬಹಳ ಚೆನ್ನಾಗಿ ಹೊಂದುತ್ತದೆ. ಸಿಗದಿದ್ದರೆ 12 ಕೂಡ ನಡೆಯುತ್ತದೆ. ಒಂದು ಸೂತದ ತೆಳು ಹಾಳೆಗೆ 16ರಿಂದ 18. ಅರ್ಧ ಇಂಚಿಗೆ 6. ಒಂದು ಇಂಚು ದಾಟಿದ ಬ್ಲಾಕುಗಳಿಗೆ 3 ಅಥವಾ 4 ಹಲ್ಲಿನ, ನಡುವೆ ಒಂದೊಂದು ಹಲ್ಲು ಬಿಟ್ಟಂತೆ ಕಾಣುವ ಸ್ಕಿಪ್ ಬ್ಲೇಡ್. ದಪ್ಪ ಹೆಚ್ಚಿದಂತೆ ಹಲ್ಲುಗಳ ನಡುವಿನ ಕೊಳ್ಳ ದೊಡ್ಡದಾಗಬೇಕು, ಏಕೆಂದರೆ ಕೆತ್ತಿದ ಚೂರು ಹಾಳೆಯಿಂದ ಹೊರಬೀಳುವ ತನಕ ಆ ಕೊಳ್ಳದಲ್ಲೇ ಕುಳಿತು ಪ್ರಯಾಣ ಮಾಡಬೇಕು. ಕೊಳ್ಳ ತುಂಬಿ ತುಳುಕಿದರೆ ಚೂರು ಅಲ್ಲೇ ಬೇಯುತ್ತದೆ.

ಹಲ್ಲುಗಳು ಎಡಕ್ಕೂ ಬಲಕ್ಕೂ ಚೆನ್ನಾಗಿ ಬಾಗಿರಲಿ. ಸೀಳು ಬ್ಲೇಡಿನ ಬೆನ್ನಿಗಿಂತ ಅಗಲವಿದ್ದರೆ ಬೆನ್ನು ಉಜ್ಜುವುದಿಲ್ಲ. ಅಗಲದ ಮಾತಿಗೆ ಬಂದರೆ, 12 ಮಿ.ಮೀ. ಬ್ಲೇಡು ಸುಮಾರು 65 ಮಿ.ಮೀ. ತ್ರಿಜ್ಯದವರೆಗೆ ತಿರುಗುತ್ತದೆ, 10 ಮಿ.ಮೀ.ದು 40ರವರೆಗೆ, 6 ಮಿ.ಮೀ.ದು 16ರವರೆಗೆ. ಸೀರೆ ಪೆಟ್ಟಿಗೆಯ ಕಮಾನು ಇವುಗಳಿಗಿಂತ ಬಹಳ ದೊಡ್ಡದೇ ಇರುತ್ತದೆ, ಹಾಗಾಗಿ 12ರದ್ದೇ ಹಾಕಿ, ಅಗಲವಿದ್ದಷ್ಟೂ ಓಲಾಡುವುದಿಲ್ಲ. ಇನ್ನೊಂದು ಮಾತು: ಬೇವು, ಮತ್ತಿ ಕೊಯ್ದ ಬ್ಲೇಡನ್ನು ಒರೆಸಿ ಇದಕ್ಕೆ ಹಾಕಬೇಡಿ. ಮರದ ಅಂಟು ಹಲ್ಲಿನ ಬುಡದಲ್ಲಿ ಕುಳಿತಿರುತ್ತದೆ. ಅಕ್ರಿಲಿಕ್ಕಿಗೆಂದೇ ಒಂದು ಬ್ಲೇಡನ್ನು ಬೇರೆ ಮೊಳೆಗೆ ತೂಗುಹಾಕಿ, ಮನೆಯ ಮಡಿ ಪಾತ್ರೆಯಂತೆ.

ಬ್ಲೇಡು ಹಾಕಿದ ಮೇಲೆ ಕೈಯಿಂದ ಚಕ್ರವನ್ನು ಒಂದು ಸುತ್ತು ತಿರುಗಿಸಿ ಬ್ಲೇಡಿನ ಬೆಸುಗೆಯನ್ನು ಹುಡುಕಿ. ಅಂಗಡಿಯಲ್ಲಿ ಸುರುಳಿಯಿಂದ ಅಳೆದು ಕತ್ತರಿಸಿ ಬೆಸೆದು ಕೊಡುವ ಬ್ಲೇಡುಗಳಲ್ಲಿ ಬೆಸುಗೆಯ ಗಂಟನ್ನು ಸರಿಯಾಗಿ ಉಜ್ಜಿ ಸಮ ಮಾಡಿರುವುದಿಲ್ಲ. ಓಡುವಾಗ ‘ಟಕ್, ಟಕ್’ ಎಂದು ಒಂದೇ ಲಯದಲ್ಲಿ ಸದ್ದು ಬಂದರೆ ಅದೇ ಗಂಟು. ಕಟ್ಟಿಗೆಯಲ್ಲಿ ಅದು ಗೊತ್ತಾಗುವುದೇ ಇಲ್ಲ. ಅಕ್ರಿಲಿಕ್ಕಿನಲ್ಲಿ ಪ್ರತಿ ಸುತ್ತಿಗೂ ಅಂಚಿನ ಮೇಲೆ ಒಂದು ಗೀರು ಬಿಟ್ಟು ಹೋಗುತ್ತದೆ. ನುಣುಪು ಕಾನಸಿನಿಂದ ನಾಲ್ಕು ಸಲ ಎಳೆದರೆ ಮುಗಿಯಿತು. ಬ್ಲೇಡು ಓಲಾಡದಂತೆ ಹಿಡಿಯುವ ಮೇಲಿನ ಗೈಡನ್ನು ಹಾಳೆಯಿಂದ ಒಂದು ಸೂತದಷ್ಟೇ ಎತ್ತರಕ್ಕೆ ಇಳಿಸಿ. ಹಳೆಯ ಮೇಜುಗಳಲ್ಲಿ ಬ್ಲೇಡು ಇಳಿಯುವ ರಂಧ್ರ ತಿಂದು ಅಗಲವಾಗಿರುತ್ತದೆ, ಅದರ ಮೇಲೆ ಹಾಳೆ ಥರಗುಟ್ಟಿ ಕೆಳಗಿನ ಅಂಚು ಒಡೆಯುತ್ತದೆ. ಒಂದು ಪ್ಲೈವುಡ್ ತುಂಡನ್ನು ಅರ್ಧದವರೆಗೆ ಕೊಯ್ದು, ಅಲ್ಲೇ ಮೇಜಿಗೆ ಬಿಗಿದು, ಅದರ ಮೇಲೆ ಹಾಳೆ ಓಡಿಸಿ. ಹಾಳೆಯ ಮೇಲಿನ ಕಾಗದವನ್ನು ಕೀಳಬೇಡಿ. ಕಾಗದದ ಬದಲು ತೆಳು ಪ್ಲಾಸ್ಟಿಕ್ ಪೊರೆ ಇದ್ದರೆ ಕೊಯ್ಯುವ ಗೆರೆಯ ಉದ್ದಕ್ಕೆ ಮಾತ್ರ ಎರಡು ಬೆರಳಗಲ ಸುಲಿದು, ಅಲ್ಲಿ ಮಾಸ್ಕಿಂಗ್ ಟೇಪ್ ಹಚ್ಚಿ. ಆ ಪೊರೆ ಕರಗಿ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಕಂಪ್ರೆಸರ್ ಇದ್ದರೆ ಗಾಳಿಯ ನಳಿಗೆಯನ್ನು ಸೀಳಿಗೆ ಗುರಿಯಿಟ್ಟು ಕಟ್ಟಿ. ನನ್ನ ಶೆಡ್ಡಿನಲ್ಲಿ ಅದೊಂದರಿಂದಲೇ ಅರ್ಧ ತೊಂದರೆ ಹೋಯಿತು.

ಕಮಾನಿನಲ್ಲಿ ಎಲ್ಲರೂ ಸೋಲುವುದು ತಿರುವಿನಲ್ಲಿ. ಗೆರೆ ತಿರುಗಿದ ಕೂಡಲೇ ಕೈ ತಡೆಯುತ್ತದೆ, ಆ ಎರಡು ಸೆಕೆಂಡಿನಲ್ಲಿ ಸೀಳು ಪಾಕವಾಗುತ್ತದೆ. ಅದಕ್ಕೆ ಮೊದಲೇ, ಬಿಸಾಡುವ ಭಾಗದಲ್ಲಿ ಹೊರಗಿನ ಅಂಚಿನಿಂದ ಗೆರೆಯ ಹತ್ತಿರದವರೆಗೆ ಮೂರು ನಾಲ್ಕು ಇಂಚಿಗೊಂದರಂತೆ ನೇರ ಸೀಳು ಹಾಕಿಕೊಳ್ಳಿ. ಆಮೇಲೆ ಕಮಾನು ಕೊಯ್ಯುತ್ತಾ ಹೋದಂತೆ ಬೇಡದ ತುಂಡುಗಳು ಒಂದೊಂದಾಗಿ ಕಳಚಿ ಬೀಳುತ್ತವೆ, ಬ್ಲೇಡಿನ ಹಿಂದೆ ಬೆಸೆದುಕೊಳ್ಳಲು ಎದುರು ಗೋಡೆಯೇ ಇರುವುದಿಲ್ಲ. ಯಂತ್ರ ಚಾಲೂ ಮಾಡುವ ಮೊದಲು, ಬ್ಲೇಡಿನ ಸುತ್ತ ಹಾಳೆಯನ್ನು ಹೇಗೆ ತಿರುಗಿಸುತ್ತೀರಿ, ಕೈ ಎಲ್ಲಿ ಬದಲಿಸುತ್ತೀರಿ ಎಂದು ಒಮ್ಮೆ ಬರಿಗೈಯಲ್ಲಿ ಅಭಿನಯಿಸಿ ನೋಡಿ. ನಡುವೆ ನಿಂತು ಯೋಚಿಸುವ ಕೆಲಸ ಇದಲ್ಲ. ಹಳ್ಳಿಗಳ ಕಡೆ ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ಕರೆಂಟ್ ಕುಗ್ಗುವುದೂ ಉಂಟು. ವೋಲ್ಟೇಜ್ 230ರಿಂದ 180ಕ್ಕೆ ಬಿದ್ದರೆ ಮೋಟಾರಿನ ತಿರುಚುವ ಬಲ ಶೇ 60ರಷ್ಟಕ್ಕೆ ಇಳಿಯುತ್ತದೆ, ದೂಡಿದ ಕೂಡಲೇ ಬ್ಲೇಡು ಏದುಸಿರು ಬಿಡುತ್ತದೆ. ಆ ಹೊತ್ತಿನಲ್ಲಿ ಚಹಾ ಕುಡಿಯಿರಿ.

ಹನ್ನೆರಡು ಕಮಾನು ಒಂದೇ ಅಚ್ಚಿನಲ್ಲಿ ಬರಬೇಕಾದರೆ ಬ್ಯಾಂಡ್‌ಸಾದಲ್ಲಿ ಗೆರೆಗೆ ಸರಿಯಾಗಿ ಕೊಯ್ಯಲು ಹೋಗಬೇಡಿ. ಗೆರೆಯಿಂದ 2 ಮಿ.ಮೀ. ಹೊರಗೆ ಕೊಯ್ದು, ಪ್ಲೈವುಡ್ಡಿನಲ್ಲಿ ಒಂದು ನಿಖರ ಮಾದರಿ ಮಾಡಿ, ಅದನ್ನು ಎರಡು ಬದಿಯ ಟೇಪಿನಿಂದ ಹಾಳೆಗೆ ಅಂಟಿಸಿ, ಬೇರಿಂಗ್ ಇರುವ ಕಾರ್ಬೈಡ್ ಬಿಟ್ (ತಿರುಗುತ್ತಾ ಕೆತ್ತುವ ಅಲಗು) ಹಾಕಿದ ರೂಟರ್ ಯಂತ್ರದಿಂದ ಉಳಿದದ್ದನ್ನು ತೆಗೆಯಿರಿ. ಬಡಗಿಯಾದ ನಿಮ್ಮಲ್ಲಿ ರೂಟರ್ ಇದ್ದೇ ಇರುತ್ತದೆ. ಆ 2 ಮಿ.ಮೀ. ಬರೀ ಅಳತೆಯ ಅಚ್ಚುಕಟ್ಟಿಗಾಗಿ ಹೇಳಿದ್ದಲ್ಲ. ಅದಕ್ಕೂ ನಿಮ್ಮ ಬಿರುಕುಗಳಿಗೂ ಸಂಬಂಧವಿದೆ.

ಬಿರುಕಿನ ಕತೆ ನನಗೆ ಅನುಭವದಿಂದ ಬಂದದ್ದು. ಬೆಳಗಾವಿಯ ಉದ್ಯಮಬಾಗಿನಲ್ಲಿ ಸ್ವಂತ ಶೆಡ್ಡು ಹಾಕಿದ ಹೊಸದರಲ್ಲಿ, ಹೈಡ್ರಾಲಿಕ್ ಬಿಡಿಭಾಗ ಮಾಡುವ ಒಬ್ಬರು ಪ್ರದರ್ಶನಕ್ಕೆ ಇಡಲು ಕವಾಟದ ಬ್ಲಾಕಿನ ಪಾರದರ್ಶಕ ಮಾದರಿ ಬೇಕೆಂದರು. ಎಣ್ಣೆ ಒಳಗೆ ಹೇಗೆ ಹರಿಯುತ್ತದೆ ಎಂಬುದು ಕಾಣಬೇಕಿತ್ತು. 40 ಮಿ.ಮೀ. ಅಕ್ರಿಲಿಕ್ ಬ್ಲಾಕನ್ನು ಕೊಯ್ದೆ, ಕೊರೆದೆ, ಮೂರು ದಿನ ಉಜ್ಜಿ ಹೊಳಪು ತಂದೆ. ಕೊನೆಯ ಸಂಜೆ ಮಾರ್ಕರ್ ಶಾಯಿಯ ಕಲೆ ಒಂದು ಉಳಿದಿತ್ತು. ಪೇಂಟಿನವರ ಡಬ್ಬಿಯಿಂದ ಥಿನ್ನರ್ ತೆಗೆದುಕೊಂಡು ಬಟ್ಟೆಯಲ್ಲಿ ಒರೆಸಿ ಮನೆಗೆ ಹೋದೆ. ಬೆಳಿಗ್ಗೆ ಕಿಟಕಿಯ ಬಿಸಿಲಿಗೆ ಹಿಡಿದಾಗ, ಪ್ರತಿ ರಂಧ್ರದ ಸುತ್ತಲೂ, ಕೊಯ್ದ ಅಂಚಿನುದ್ದಕ್ಕೂ, ಒಳಗೆ ಅಭ್ರಕದ ಚೂರು ತುಂಬಿದಂತೆ ಮಿಂಚುತ್ತಿತ್ತು. ನೋಡಲು ಚೆಂದವೇ ಇತ್ತು ಅನ್ನಿ. ಬ್ಲಾಕು ಮಾತ್ರ ಕಸಕ್ಕೆ ಹೋಯಿತು.

ಅಲ್ಲಿ ನಡೆದದ್ದನ್ನು ನೋಡಲು ನಿಮ್ಮ ಸೀಮೆಯ ಎರೆ ಹೊಲಕ್ಕೆ ಏಪ್ರಿಲ್ ತಿಂಗಳಿನಲ್ಲಿ ಹೋದರೆ ಸಾಕು. ಮೇಲಿನ ಮಣ್ಣು ಒಣಗಿ ಕುಗ್ಗಲು ನೋಡುತ್ತದೆ, ಕೆಳಗಿನ ಹಸಿಮಣ್ಣು ಕುಗ್ಗಲು ಬಿಡುವುದಿಲ್ಲ. ಎಳೆದಾಟದಲ್ಲಿ ಮೇಲ್ಪದರ ಬಿರಿಯುತ್ತದೆ. ಗರಗಸದ ಅಂಚಿನಲ್ಲೂ ಅಷ್ಟೇ. ಬಿಸಿಯಾದ ತೆಳು ಪದರ ಹಿಗ್ಗಲು ಹೋಗಿ, ಜಾಗ ಸಿಗದೆ, ಮೆತ್ತಗಾಗಿದ್ದರಿಂದ ಅದುಮಿಕೊಳ್ಳುತ್ತದೆ. ತಣ್ಣಗಾದಾಗ ಕುಗ್ಗಬೇಕು, ಪಕ್ಕದ ತಣ್ಣಗಿನ ಹಾಳೆ ಬಿಡುವುದಿಲ್ಲ. ಅಕ್ರಿಲಿಕ್ ಉಕ್ಕಿಗಿಂತ ಸುಮಾರು ಆರು ಪಟ್ಟು ಹೆಚ್ಚು ಹಿಗ್ಗಿ ಕುಗ್ಗುವ ವಸ್ತುವಾದ್ದರಿಂದ ಈ ಎಳೆತವೂ ಜೋರಾಗಿಯೇ ಇರುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಅಂಚು ಬಿಗಿದ ತಂತಿಯಂತೆ ಕಾದು ಕುಳಿತಿರುತ್ತದೆ. ಕ್ಲೋರೋಫಾರ್ಮ್, ಥಿನ್ನರ್, ಸ್ಪಿರಿಟ್, ಪೆಟ್ರೋಲ್ ಇವುಗಳಲ್ಲಿ ಯಾವುದು ತಾಗಿದರೂ ಆ ತಂತಿ ಹರಿಯುತ್ತದೆ. ನಿಮ್ಮ ಪೆಟ್ಟಿಗೆಗಳನ್ನು ಬಿರಿಸಿದ್ದು ಕ್ಲೋರೋಫಾರ್ಮ್ ಅಲ್ಲ, ಅದು ಕೊನೆಯ ಸಾಕ್ಷಿ ಮಾತ್ರ. ಬಿರುಕಿನ ಬೀಜ ಬಿದ್ದದ್ದು ಆ 24 ಹಲ್ಲಿನ ಬ್ಲೇಡು ಉಜ್ಜಿದ ದಿನ.

ಹಾಗಾಗಿ ಆ ಬೆಂದ ಪದರ ಹೋಗಬೇಕು. ರೂಟರಿನ ಚೂಪಾದ ಬಿಟ್ 2 ಮಿ.ಮೀ. ಕೆತ್ತಿದಾಗ ಅದೇ ಹೋಗುವುದು. ನೇರ ಅಂಚುಗಳಿಗೆ, ಹಳೆಯ ಹ್ಯಾಕ್‌ಸಾ ಬ್ಲೇಡಿನ ಬೆನ್ನನ್ನು ಚೌಕವಾಗಿ ಮಸೆದು, ತನ್ನೆಡೆಗೆ ಎಳೆಯುತ್ತಾ ಕೆರೆಯಿರಿ. ಸುರುಳಿ ಸುರುಳಿಯಾಗಿ ತೆಳು ಪಟ್ಟಿ ಬರುತ್ತದೆ. ಆಮೇಲೆ 220, 400ರ ನೀರುಕಾಗದದಿಂದ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಉಜ್ಜಿ. ಅಂಟಿಸುವ ಅಂಚಿಗೆ ಇಷ್ಟೇ ಸಾಕು. ಅದಕ್ಕೆ ಬಫಿಂಗ್ ಮಾಡಬೇಡಿ, ಮೂಲೆ ಉರುಟಾಗಿ ಅಂಟು ಕೂರುವುದಿಲ್ಲ. ಗ್ಯಾಸ್ ಜ್ವಾಲೆ ಹಾಯಿಸಿ ಹೊಳಪು ಕೊಡುವ ಚಾಳಿಯಂತೂ ಬೇಡವೇ ಬೇಡ. ಕಳೆದ ಎಳೆತವನ್ನು ಮತ್ತೆ ಕೈಯಾರೆ ತುಂಬಿದಂತೆ. ಓವನ್ ಸೌಲಭ್ಯ ಇರುವವರು ಅಂಟಿಸುವ ಮೊದಲು ತುಂಡುಗಳನ್ನು 80 ಡಿಗ್ರಿಯಲ್ಲಿ ಮೂರು ನಾಲ್ಕು ಗಂಟೆ ಇಟ್ಟು, ಬಾಗಿಲು ತೆರೆಯದೆ ಒಳಗೇ ತಣಿಸುತ್ತಾರೆ. ಪೌಡರ್ ಕೋಟಿಂಗ್‌ನವರ ಓವನ್ನಿಗೆ ಕೊಡುವ ಮನಸ್ಸಾದರೆ ಮೊದಲು ಅವರ ಮೀಟರು ನೋಡಿ. ಅವರು ಬಣ್ಣ ಬೇಯಿಸುವುದು 180ರಿಂದ 200ರಲ್ಲಿ, ಅಲ್ಲಿ ನಿಮ್ಮ ಕಮಾನು ಹಪ್ಪಳದಂತೆ ಮಡಚಿಕೊಳ್ಳುತ್ತದೆ.

ಎಳೆತ ಉಳಿದಿದೆಯೇ ಎಂದು ತಿಳಿಯಲು ಒಂದು ಅಗ್ಗದ ಪರೀಕ್ಷೆಯಿದೆ. ಪೆಟ್ಟಿಗೆಗೆ ಮಾಡಿದ ಹಾಗೆಯೇ ಕೊಯ್ದು ಕೆರೆದ ಒಂದು ಬೇಡದ ತುಂಡಿನ ಅಂಚಿಗೆ ಸ್ಪಿರಿಟ್ ಹಚ್ಚಿ, ಕಾಲು ಗಂಟೆ ಬಿಟ್ಟು ಬೆಳಕಿಗೆ ಹಿಡಿಯಿರಿ. ಏನೂ ಮಿಂಚದಿದ್ದರೆ ಅಂಟಿಸಿ. ಮಿಂಚಿದರೆ ಇನ್ನಷ್ಟು ಕೆರೆಯಬೇಕು. ಈ ಪರೀಕ್ಷೆ ತುಂಡಿನ ಮೇಲೆ ಮಾತ್ರ, ಪೆಟ್ಟಿಗೆಯ ಮೇಲಲ್ಲ.

ಅಂಟಿಸುವ ಹೊತ್ತನ್ನೂ ನೋಡಿಕೊಳ್ಳಿ. ಕ್ಲೋರೋಫಾರ್ಮ್ 61 ಡಿಗ್ರಿಗೆ ಕುದಿಯುತ್ತದೆ. ಅದರ ಜಾಗದಲ್ಲಿ ಈಗ ಬಹಳ ಮಂದಿ ಬಳಸುವ ಮೀಥೈಲೀನ್ ಕ್ಲೋರೈಡ್ 40 ಡಿಗ್ರಿಗೇ ಕುದಿಯುತ್ತದೆ. ಬಾಗಲಕೋಟೆ, ವಿಜಯಪುರದ ಬೇಸಿಗೆಯ ಮಧ್ಯಾಹ್ನಕ್ಕೆ 40 ಏನು ದೊಡ್ಡದು? ಸಿರಿಂಜಿನಿಂದ ಹೊರಬಂದು ಸಂದಿಗೆ ಹರಿಯುವ ಮೊದಲೇ ಹಾರಿಹೋಗಿ, ಕೂಡಿನಲ್ಲಿ ಗುಳ್ಳೆ ಉಳಿಯುತ್ತದೆ. ಬೆಳಗಿನ ತಂಪಿನಲ್ಲಿ ಅಂಟಿಸಿ. ನಮ್ಮ ಬೆಳಗಾವಿಯ ಜುಲೈ ಮಳೆಯಲ್ಲಿ ಕತೆ ಉಲ್ಟಾ: ದ್ರಾವಕ ಹಾರುವಾಗ ಅಂಚು ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂತು, ಕೂಡು ಹಾಲಿನಂತೆ ಬೆಳ್ಳಗಾಗುತ್ತದೆ. ಎರಡೂ ದ್ರಾವಕಗಳ ಹಬೆ ಒಳ್ಳೆಯದಲ್ಲ. ಬಾಗಿಲು ಕಿಟಕಿ ತೆರೆದು ಕೆಲಸ ಮಾಡಿ, ಕ್ಲೋರೋಫಾರ್ಮನ್ನು ಕಂದು ಬಾಟಲಿಯಲ್ಲಿ ನೆರಳಿನಲ್ಲಿಡಿ. ಬಿಸಿಲು ಗಾಳಿ ತಾಗಿದರೆ ಅದರಲ್ಲಿ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ನಕಲಿ ಹಾಳೆಯ ಅನುಮಾನಕ್ಕೆ ಬರುತ್ತೇನೆ. ಅಕ್ರಿಲಿಕ್ಕಿನಲ್ಲಿ ಎರಡು ಬಗೆ. ಎರಡು ಗಾಜಿನ ಹಲಗೆಗಳ ನಡುವೆ ಸುರಿದು ಹೆಪ್ಪುಗಟ್ಟಿಸಿದ್ದು ಕಾಸ್ಟ್. ಚಕ್ಕುಲಿ ಒರಳಿನಿಂದ ಒತ್ತಿದ ಹಾಗೆ ಯಂತ್ರದ ಬಾಯಿಂದ ಎಳೆದದ್ದು ಎಕ್ಸ್‌ಟ್ರೂಡೆಡ್. ಎರಡನೆಯದು ಬೇಗ ಮೆತ್ತಗಾಗಿ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಬೇಗ ಬಿರಿಯುತ್ತದೆ ಕೂಡ. ವರ್ನಿಯರ್ ತೆಗೆದುಕೊಂಡು ನಾಲ್ಕು ಮೂಲೆ ಅಳೆಯಿರಿ. ಎಲ್ಲ ಕಡೆ ಒಂದೇ ದಪ್ಪ ಬಂದರೆ ಅದು ಬಹುತೇಕ ಎಕ್ಸ್‌ಟ್ರೂಡೆಡ್. ಒಂದು ಮೂಲೆ 5.6, ಇನ್ನೊಂದು 6.1 ಎಂದು ತೂಗಾಡಿದರೆ ಕಾಸ್ಟ್. ಸಮನಾಗಿಲ್ಲವೆಂದು ಎಷ್ಟೋ ಜನ ಕಾಸ್ಟ್ ಹಾಳೆಯನ್ನು ‘ಕಳಪೆ’ ಎಂದು ವಾಪಸು ಕೊಟ್ಟು, ಎಕ್ಸ್‌ಟ್ರೂಡೆಡ್ ಹೊತ್ತುಕೊಂಡು ಬರುತ್ತಾರೆ. ಕೊಯ್ಯುವ ಕೆಲಸಕ್ಕೆ ನಾನಾದರೆ ತೂಗಾಡುವ ಹಾಳೆಯನ್ನೇ ಕೇಳಿ ತರುತ್ತೇನೆ.

ಕಬ್ಬಿಣ ಕೊಯ್ಯುವ ಬ್ಯಾಂಡ್‌ಸಾ ನಿಮ್ಮ ಕೆಲಸಕ್ಕೆ ಬೇಡ. ಅದರ ಬ್ಲೇಡು ನಿಮಿಷಕ್ಕೆ 20ರಿಂದ 90 ಮೀಟರ್ ಓಡುವುದು; ಅಕ್ರಿಲಿಕ್ಕಿಗೆ ಬೇಕಾದದ್ದು 1000ರಿಂದ 1500. ನಿಮ್ಮದು ಆಗಲೇ ಅಲ್ಲಿದೆ, ಪುಲ್ಲಿ ಮುಟ್ಟಬೇಡಿ. ದಪ್ಪ ಬ್ಲಾಕನ್ನು ಆ ಯಂತ್ರದಲ್ಲಿ ತುಂಡರಿಸಬಹುದು, ನಾನೂ ಮಾಡಿದ್ದೇನೆ. 6 ಮಿ.ಮೀ. ಹಾಳೆಯ ಮೇಲೆ ಅದರ ಭಾರದ ತಲೆ ಕೂತರೆ ಹಾಳೆ ಒಡೆಯುತ್ತದೆ, ಮೇಲಾಗಿ ಕಮಾನು ತಿರುಗಿಸಲು ಅಲ್ಲಿ ಮೇಜೇ ಇರುವುದಿಲ್ಲ. ಲೇಸರ್ ಒಳ್ಳೆಯದೇ, ಅಂಚು ಗಾಜಿನಂತೆ ಬರುತ್ತದೆ. ಆದರೆ ಅದು ಕೊಯ್ಯುವುದು ಬರೀ ಶಾಖದಿಂದ. ಆ ಹೊಳೆಯುವ ಅಂಚಿನಲ್ಲೂ ಎಳೆತ ಇದ್ದೇ ಇರುತ್ತದೆ, ದ್ರಾವಕ ತಾಗಿದರೆ ಅದೂ ಬಿರಿಯುತ್ತದೆ. ಲೇಸರ್ ಅಂಚನ್ನು ಅಂಟಿಸದೆ ಹಾಗೇ ಬಿಡುವ ಕೆಲಸಕ್ಕೆ, ಅಕ್ಷರಗಳಿಗೆ, ಫಲಕಗಳಿಗೆ ಕೊಡಿ. ನಿಮ್ಮ ಪೆಟ್ಟಿಗೆಯ ಕಮಾನಿನ ಮೇಲಂಚು ಬರಿದಾಗಿ ಉಳಿಯುವುದಾದರೆ ಮುಂಭಾಗ ಮಾತ್ರ ಲೇಸರಿನಲ್ಲಿ ಮಾಡಿಸಿ, ಅಂಟಿಸುವ ಮೂರು ಬದಿಯನ್ನು ನೀವೇ ಕೆರೆದುಕೊಳ್ಳಬಹುದು.

ಯಂತ್ರದ ಮುಂದೆ ನಿಲ್ಲುವಾಗ ಹೆಗಲ ಮೇಲಿನ ಟವೆಲ್ ತೆಗೆದಿಡಿ, ಕೈಗವಸು ಹಾಕಬೇಡಿ, ಕನ್ನಡಕ ಹಾಕಿ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಅಕ್ರಿಲಿಕ್ ಛಾವಣಿ ಒಡೆದು ಪೈಲಟ್‌ಗಳ ಕಣ್ಣಿಗೆ ಹೊಕ್ಕ ಚೂರುಗಳನ್ನು ಕಣ್ಣು ಸಹಿಸಿಕೊಂಡದ್ದನ್ನು ಗಮನಿಸಿದ ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲೆ, 1949ರಲ್ಲಿ ಅದೇ ವಸ್ತುವಿನಿಂದ ಮಸೂರ ಮಾಡಿಸಿ ಪೊರೆ ಬಂದ ಕಣ್ಣಿಗೆ ಕೂರಿಸಿದರು. ಕಣ್ಣು ಸಹಿಸುತ್ತದೆ ಎಂಬ ಧೈರ್ಯದ ಮೇಲೆ ನೀವು ಬರಿಗಣ್ಣಿನಲ್ಲಿ ನಿಲ್ಲಬೇಕಿಲ್ಲ. ಹಾಗೆಯೇ, ಅಕ್ರಿಲಿಕ್ ಕೈಗೆ ಹತ್ತಿತೆಂದು ಯಾರಾದರೂ ಲೇತ್ ಯಂತ್ರಕ್ಕೆ ರಕ್ಷಣಾ ಪರದೆ ಮಾಡಿಕೊಡಿ ಎಂದರೆ ಒಪ್ಪಬೇಡಿ, ಅದಕ್ಕೆ ಪಾಲಿಕಾರ್ಬೊನೇಟ್ ಬೇಕು. ಹಾರಿಬಂದ ತುಂಡು ಬಡಿದರೆ ಅದು ಬಗ್ಗುತ್ತದೆ, ಇದು ಚೂರಾಗುತ್ತದೆ.

ಬಿರಿದ ನಾಲ್ಕು ಪೆಟ್ಟಿಗೆಗಳಿಗೆ ಮದ್ದಿಲ್ಲ, ಮತ್ತೆ ಕ್ಲೋರೋಫಾರ್ಮ್ ಹಚ್ಚಿ ಮುಚ್ಚಲು ಹೋದರೆ ಬಿರುಕು ಇನ್ನಷ್ಟು ಓಡುತ್ತದೆ. ಹಾಳೆಯನ್ನೇನೂ ಕಳೆದುಕೊಂಡಿಲ್ಲ. ಬಿರುಕು ಸಾಮಾನ್ಯವಾಗಿ ಅಂಚಿನಿಂದ ಕೆಲವೇ ಮಿ.ಮೀ. ಒಳಗೆ ಹೋಗಿರುತ್ತದೆ. ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು ಅತ್ಯಂತ ಉದ್ದದ ಬಿರುಕಿನ ತುದಿ ಗುರುತಿಸಿ, ಅದಕ್ಕಿಂತ 10 ಮಿ.ಮೀ. ಒಳಗೆ ಗೆರೆ ಎಳೆದು ಕೊಯ್ದುಬಿಡಿ. ಅಂಗಡಿಯವರು ಒಪ್ಪಿದರೆ ಚಿಕ್ಕ ಅಳತೆಯ ಎರಡು ಮೂರು ಪೆಟ್ಟಿಗೆ ಆಗುತ್ತವೆ. ಕೊಯ್ದು ತೆಗೆದ ಬಿರುಕಿನ ಪಟ್ಟಿಗಳನ್ನೂ ಎಸೆಯಬೇಡಿ. 10 ಹಲ್ಲಿನ ಬ್ಲೇಡು ಬಂದ ದಿನ ಮೊದಲ ಹತ್ತು ಸೀಳು ಅವುಗಳ ಮೇಲೇ ಹಾಕಿ, ಒಂದೊಂದು ಸೀಳಿಗೂ ದೂಡುವ ವೇಗ ಹೆಚ್ಚಿಸುತ್ತಾ ಹೋಗಿ. ಕೆಳಗೆ ಒಣಕೊಬ್ಬರಿ ತುರಿ ಬೀಳಲು ಶುರುವಾದಾಗ ಇಳಕಲ್ಲಿನ ಹಾಳೆಯನ್ನು ಮೇಜಿಗೆ ತನ್ನಿ.